ಘಾನಾಕ್ಕೆ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಗೇರುಬೀಜದ ಕೆಲಸಕ್ಕೆಂದು ನಾನು ಮೂರು ಸೀಸನ್ ಘಾನಾಕ್ಕೆ ಹೋಗಿ ಬಂದಿದ್ದೇನೆ. ಮಂಗಳೂರಿನ ಕಾರ್ಖಾನೆಗಳಲ್ಲಿ ಒಡೆಯುವ ಬೀಜ ಬರೀ ನಮ್ಮ ತೋಟದ್ದಲ್ಲ. ಪಶ್ಚಿಮ ಆಫ್ರಿಕಾದಿಂದಲೂ ಹಡಗಿನಲ್ಲಿ ಬರುತ್ತದೆ. ಆ ನೆಪದಲ್ಲಿ ದೇಶ ಸುತ್ತಿದೆ, ಸ್ನೇಹಿತರೂ ಸಿಕ್ಕರು. ಈಗ ನಮ್ಮ ಕಡೆಯವರು ಯಾರೇ ಅಲ್ಲಿಗೆ ಹೊರಟರೂ ನನಗೊಂದು ಫೋನ್ ಬರುತ್ತದೆ. ಹಾಗೆ ಕೇಳಿದ ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಟ್ಟಿದ್ದೇನೆ.

## ಹೊರಡುವ ಮೊದಲು

ಘಾನಾ ಎಲ್ಲಿ ಬರುತ್ತೆ? ಬೆಂಗಳೂರಿಂದ ನೇರ ವಿಮಾನ ಇದೆಯಾ?

ಆಫ್ರಿಕಾದ ಪಶ್ಚಿಮ ಕರಾವಳಿಯಲ್ಲಿ, ಐವರಿ ಕೋಸ್ಟ್ ಮತ್ತು ಟೋಗೊ ದೇಶಗಳ ನಡುವೆ ಇದೆ. ವಿಸ್ತೀರ್ಣದಲ್ಲಿ ಕರ್ನಾಟಕಕ್ಕಿಂತ ಸ್ವಲ್ಪ ದೊಡ್ಡದು. 2021ರ ಜನಗಣತಿಯಂತೆ ಜನಸಂಖ್ಯೆ ಸುಮಾರು 3 ಕೋಟಿ 8 ಲಕ್ಷ. 1957ರ ಮಾರ್ಚ್ 6ರಂದು ಬ್ರಿಟಿಷರಿಂದ ಸ್ವತಂತ್ರವಾಯಿತು. ಅಲ್ಲಿಯವರೆಗೆ ಅದರ ಹೆಸರು ಗೋಲ್ಡ್ ಕೋಸ್ಟ್.

ನೇರ ವಿಮಾನ ಇಲ್ಲ. ಆಡಿಸ್ ಅಬಾಬ ಅಥವಾ ದುಬೈಯಲ್ಲಿ ಇಳಿದು, ಇನ್ನೊಂದು ವಿಮಾನ ಹಿಡಿದು ರಾಜಧಾನಿ ಅಕ್ರಾಕ್ಕೆ ಹೋಗಬೇಕು. ಕಾಯುವ ಹೊತ್ತೂ ಸೇರಿ ಒಂದು ಇಡೀ ದಿನ ಹೋಯಿತು ಎಂದುಕೊಳ್ಳಿ.

ವೀಸಾ ಅಲ್ಲೇ ಇಳಿದ ಮೇಲೆ ಸಿಗಲ್ವಾ?

ಅದನ್ನು ನಂಬಿ ಹೊರಡಬೇಡಿ. ಭಾರತೀಯರಿಗೆ ವೀಸಾ ಬೇಕು. ದೆಹಲಿಯಲ್ಲಿರುವ ಘಾನಾ ಹೈಕಮಿಷನ್ ಮೂಲಕ ಮೊದಲೇ ಮಾಡಿಸಿಕೊಳ್ಳಿ. ಪಾಸ್‌ಪೋರ್ಟ್‌ಗೆ ಇನ್ನೂ 6 ತಿಂಗಳ ಅವಧಿ ಉಳಿದಿರಲಿ. ಉಳಿದುಕೊಳ್ಳುವ ಜಾಗದ ವಿವರ ಅಥವಾ ಅಲ್ಲಿಂದ ಕರೆದವರ ಪತ್ರ ಕೈಯಲ್ಲಿರಲಿ. ಟೂರಿಸ್ಟ್ ವೀಸಾದಲ್ಲಿ ಹೋಗಿ ಕೆಲಸಕ್ಕೆ ಸೇರುವ ಯೋಚನೆ ಮಾಡಬೇಡಿ.

ಹಳದಿ ಜ್ವರದ ಇಂಜೆಕ್ಷನ್ ಕಡ್ಡಾಯನಾ? ಯಾರೂ ನೋಡಲ್ಲ ಅಂತಾರಲ್ಲ?

ನೋಡುತ್ತಾರೆ. ಎರಡು ಸಲ ನೋಡುತ್ತಾರೆ. ಅಕ್ರಾದಲ್ಲಿ ಇಳಿದಾಗ ಹಳದಿ ಕಾರ್ಡ್, ಅಂದರೆ ಲಸಿಕೆ ಹಾಕಿಸಿದ ಸರ್ಟಿಫಿಕೇಟ್, ಕೇಳುತ್ತಾರೆ. ವಾಪಸ್ ಬಂದಾಗ ನಮ್ಮ ವಿಮಾನ ನಿಲ್ದಾಣದಲ್ಲೂ ಕೇಳುತ್ತಾರೆ. ಇಲ್ಲಿಯ ತಪಾಸಣೆಯೇ ಹೆಚ್ಚು ಬಿಗಿ. ಹಳದಿ ಜ್ವರ ಭಾರತದಲ್ಲಿ ಇಲ್ಲ, ಅದನ್ನು ಹರಡುವ ಈಡಿಸ್ ಸೊಳ್ಳೆ ಮಾತ್ರ ಬೇಕಾದಷ್ಟಿದೆ. ಒಂದು ಸಲ ರೋಗ ಒಳಗೆ ಬಂದರೆ ಏನಾಗಬಹುದು ಯೋಚಿಸಿ. ಅದಕ್ಕೇ ಕಾರ್ಡ್ ಇಲ್ಲದೆ ಬಂದವರನ್ನು 6 ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡುತ್ತಾರೆ.

ಈ ಲಸಿಕೆಯನ್ನು ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ಅದೂ ವಾರದಲ್ಲಿ ಕೆಲವೇ ದಿನ. ಮೊದಲೇ ಹೆಸರು ಬರೆಸಬೇಕು, ಪಾಸ್‌ಪೋರ್ಟ್ ಒಯ್ಯಬೇಕು. ಕಾರ್ಡ್ ಚಾಲ್ತಿಗೆ ಬರುವುದು ಲಸಿಕೆ ಹಾಕಿದ 10 ದಿನದ ನಂತರ. ಆಮೇಲೆ ಅದು ಜೀವನಪರ್ಯಂತ ನಡೆಯುತ್ತದೆ. ಹತ್ತು ವರ್ಷಕ್ಕೊಮ್ಮೆ ಮತ್ತೆ ಹಾಕಿಸಬೇಕೆಂಬ ಹಳೆಯ ನಿಯಮ 2016ರಲ್ಲಿ ಹೋಯಿತು. ಮೊಟ್ಟೆ ತಿಂದರೆ ತೀವ್ರ ಅಲರ್ಜಿ ಆಗುವವರು, ಗರ್ಭಿಣಿಯರು, 60 ದಾಟಿದವರು ಮೊದಲು ತಮ್ಮ ಡಾಕ್ಟರ ಹತ್ತಿರ ಮಾತಾಡಿ. ಟಿಕೆಟ್ ಬುಕ್ ಮಾಡುವ ಮೊದಲೇ ಲಸಿಕೆಯ ದಿನ ಗೊತ್ತು ಮಾಡಿಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಮಲೇರಿಯಾ ನಮ್ಮಲ್ಲೂ ಇದೆಯಲ್ಲ, ಅದಕ್ಕೆ ಯಾಕೆ ಹೆದರಬೇಕು?

ಮಂಗಳೂರಿನವರು ಈ ಪ್ರಶ್ನೆ ಜಾಸ್ತಿ ಕೇಳುತ್ತಾರೆ. ನಮ್ಮೂರಲ್ಲಿ ಹೆಚ್ಚಾಗಿ ಕಾಣುವುದು ವೈವ್ಯಾಕ್ಸ್ ಮಲೇರಿಯಾ. ಘಾನಾದಲ್ಲಿ ಇರುವುದು ಬಹುಪಾಲು ಫಾಲ್ಸಿಪಾರಮ್. ಅದು ಕೆಲವೇ ದಿನಗಳಲ್ಲಿ ಮೆದುಳು, ಕಿಡ್ನಿಗೆ ಹೋಗಿ ಜೀವ ತೆಗೆಯಬಲ್ಲದು. ಅಲ್ಲಿಯ ಜನರಿಗೆ ಚಿಕ್ಕಂದಿನಿಂದ ಬಂದ ಒಂದಿಷ್ಟು ತಡೆಯುವ ಶಕ್ತಿ ಇರುತ್ತದೆ, ನಮಗೆ ಇಲ್ಲ.

ಬರದ ಹಾಗೆ ತಡೆಯಲು ಮಾತ್ರೆಗಳಿವೆ. ಅಟೊವಕ್ವೋನ್-ಪ್ರೊಗುವಾನಿಲ್, ಡಾಕ್ಸಿಸೈಕ್ಲಿನ್, ಮೆಫ್ಲೋಕ್ವಿನ್ ಇವುಗಳಲ್ಲಿ ನಿಮಗೆ ಯಾವುದು ಎಂದು ಡಾಕ್ಟರ್ ಹೇಳಬೇಕು. ಹಳೆಯ ಕ್ಲೋರೊಕ್ವಿನ್ ಅಲ್ಲಿ ಕೆಲಸ ಮಾಡುವುದಿಲ್ಲ. ಹೋಗುವ ಮೊದಲು ಶುರು ಮಾಡಿದ್ದನ್ನು ಬಂದ ಮೇಲೂ ಹೇಳಿದಷ್ಟು ದಿನ ಮುಂದುವರಿಸಬೇಕು. ಹೆಚ್ಚಿನವರು ನಿಲ್ಲಿಸಿಬಿಡುವುದು ಊರಿಗೆ ಬಂದ ಮರುದಿನವೇ. ಸಂಜೆಯಾದ ಮೇಲೆ ತುಂಬು ತೋಳಿನ ಅಂಗಿ ಹಾಕಿ, ಮೈಗೆ ಸೊಳ್ಳೆ ಕ್ರೀಮ್ ಹಚ್ಚಿ, ಸೊಳ್ಳೆ ಪರದೆಯಲ್ಲೇ ಮಲಗಿ.

ಯಾವ ತಿಂಗಳಲ್ಲಿ ಹೋಗೋದು ಒಳ್ಳೇದು?

ನವೆಂಬರ್‌ನಿಂದ ಮಾರ್ಚ್. ದಕ್ಷಿಣದಲ್ಲಿ ಮಳೆ ಎರಡು ಕಂತಿನಲ್ಲಿ ಬರುತ್ತದೆ. ಏಪ್ರಿಲ್‌ನಿಂದ ಜುಲೈವರೆಗೆ ಒಮ್ಮೆ, ಸೆಪ್ಟೆಂಬರ್‌ನಿಂದ ಮತ್ತೊಮ್ಮೆ. ಜೂನ್‌ನಲ್ಲಿ ಜೋರು. ಉತ್ತರದಲ್ಲಿ ಒಂದೇ ಮಳೆಗಾಲ. ಡಿಸೆಂಬರ್-ಫೆಬ್ರವರಿಯಲ್ಲಿ ಸಹಾರಾದಿಂದ ಹರ್ಮಟಾನ್ ಎಂಬ ಒಣಗಾಳಿ ಬೀಸುತ್ತದೆ. ಆಕಾಶವೆಲ್ಲ ದೂಳು, ತುಟಿ ಒಡೆಯುತ್ತದೆ. ಉಬ್ಬಸ ಇದ್ದವರು ಇನ್‌ಹೇಲರ್ ಮರೆಯಬೇಡಿ. ಉತ್ತರಕ್ಕೆ ಈ ಒಣ ತಿಂಗಳುಗಳಲ್ಲಿ ಹೋಗುವವರು ಮೆನಿಂಜೈಟಿಸ್ ಲಸಿಕೆಯನ್ನೂ ಹಾಕಿಸಿಕೊಳ್ಳಿ. ಡಿಸೆಂಬರ್ ಕೊನೆಯಲ್ಲಿ ಹೊರದೇಶದಲ್ಲಿರುವ ಘಾನಾದವರೆಲ್ಲ ಊರಿಗೆ ಬರುತ್ತಾರೆ. ಆಗ ಅಕ್ರಾದಲ್ಲಿ ರೂಮೂ ತುಟ್ಟಿ, ಟಿಕೆಟ್ಟೂ ತುಟ್ಟಿ.

ನಮ್ಮ ಚಾರ್ಜರ್ ಅಲ್ಲಿ ಹಿಡಿಯುತ್ತಾ?

ವಿದ್ಯುತ್ ನಮ್ಮದರ ಹಾಗೇ 230 ವೋಲ್ಟ್. ಆದರೆ ಹೆಚ್ಚಿನ ಕಡೆ ಇರುವುದು ಚಪ್ಪಟೆ ಮೂರು ಕಾಲಿನ ಬ್ರಿಟಿಷ್ ಪ್ಲಗ್. ಒಂದು ಅಡಾಪ್ಟರ್ ಇಟ್ಟುಕೊಳ್ಳಿ. ಪವರ್ ಬ್ಯಾಂಕ್ ಕೂಡ ಇರಲಿ. ಕರೆಂಟ್ ಹೋಗಿ ಬರುವುದಕ್ಕೆ ಅಲ್ಲಿ 'ದುಮ್ಸೊರ್' ಎಂಬ ಹೆಸರೇ ಇದೆ. ಸಮಯ ನಮಗಿಂತ ಐದೂವರೆ ಗಂಟೆ ಹಿಂದೆ.

## ಇಳಿದ ಮೇಲೆ

ದುಡ್ಡು ಹೇಗೆ ತಗೊಂಡು ಹೋಗಲಿ? ರೂಪಾಯಿ ನಡೆಯುತ್ತಾ?

ನಡೆಯಲ್ಲ. ಹೊಸ, ಮಡಿಕೆಯಿಲ್ಲದ ಡಾಲರ್ ನೋಟು ಒಯ್ದು, ಪರವಾನಗಿ ಇರುವ ಫಾರೆಕ್ಸ್ ಅಂಗಡಿಯಲ್ಲಿ ಬದಲಿಸಿ. ಎಟಿಎಂಗಳಲ್ಲಿ ವೀಸಾ ಕಂಪನಿಯ ಬ್ಯಾಂಕ್ ಕಾರ್ಡ್ ಚೆನ್ನಾಗಿ ನಡೆಯುತ್ತದೆ. ಸಣ್ಣ ಅಂಗಡಿಯವರೂ ಮೊಬೈಲ್ ಮನಿ ತೆಗೆದುಕೊಳ್ಳುತ್ತಾರೆ. 'ಮೊಮೊ' ಅನ್ನುತ್ತಾರೆ, ನಮ್ಮ ಫೋನ್‌ಪೇ ಇದ್ದಂತೆ. ಪಾಸ್‌ಪೋರ್ಟ್ ತೋರಿಸಿ ಎಂಟಿಎನ್ ಅಥವಾ ಟೆಲಿಸೆಲ್ ಸಿಮ್ ತೆಗೆದುಕೊಂಡರೆ ನಿಮಗೂ ಇದು ಸಿಗುತ್ತದೆ.

ಅಲ್ಲಿಯ ಹಣ ಸೆಡಿ. ಚಿಲ್ಲರೆಗೆ ಪೆಸೆವಾ. ಸೆಡಿ ಎಂದರೆ ಅಕಾನ್ ಭಾಷೆಯಲ್ಲಿ ಕವಡೆ. ಹೌದು, ನಮ್ಮ ಕವಡೆಯೇ. ಮಾಲ್ಡೀವ್ಸ್ ಸಮುದ್ರದ ಕವಡೆಯನ್ನು ಯುರೋಪಿನ ಹಡಗುಗಳು ಪಶ್ಚಿಮ ಆಫ್ರಿಕಾಕ್ಕೆ ಒಯ್ದು ಅದರಿಂದಲೇ ಮನುಷ್ಯರನ್ನು ಕೊಂಡದ್ದೂ ಇದೆ. 'ಕವಡೆ ಕಾಸಿನ ಬೆಲೆ' ಎಂದು ನಾವು ಹಗುರಾಗಿ ಆಡುವ ಮಾತು ಅಲ್ಲಿ ಕೇಳಿದಾಗ ಬೇರೆ ಅನ್ನಿಸುತ್ತದೆ.

ಊರೊಳಗೆ ಓಡಾಡೋದು ಹೇಗೆ?

ಅಕ್ರಾದಲ್ಲಿ ಊಬರ್, ಬೋಲ್ಟ್, ಯಾಂಗೊ ಮೂರೂ ಇವೆ. ರಸ್ತೆ ಟ್ಯಾಕ್ಸಿಗೆ ಮೀಟರ್ ಇಲ್ಲ, ಹತ್ತುವ ಮೊದಲೇ ಬೆಲೆ ಮಾತಾಡಿ. 'ಡ್ರಾಪಿಂಗ್' ಎಂದರೆ ಗಾಡಿ ಪೂರ್ತಿ ನಿಮ್ಮದೇ. ಹಾಗೆ ಹೇಳದಿದ್ದರೆ ದಾರಿಯಲ್ಲಿ ಬೇರೆಯವರೂ ಹತ್ತಬಹುದು.

ಒಮ್ಮೆಯಾದರೂ ಟ್ರೊಟ್ರೊ ಹತ್ತಿ. ಅದು ಹಳೆಯ ವ್ಯಾನ್. ನಮ್ಮ ಟೆಂಪೋ ಹಾಗೆ ತುಂಬಿದ ಮೇಲೇ ಹೊರಡುತ್ತದೆ. ಕಂಡಕ್ಟರನಿಗೆ ಅಲ್ಲಿ 'ಮೇಟ್' ಎಂದು ಹೆಸರು. ಎನ್‌ಕ್ರುಮಾ ಸರ್ಕಲ್‌ಗೆ ಹೋಗುವ ಗಾಡಿಯಾದರೆ 'ಸರ್ಕ್ ಸರ್ಕ್ ಸರ್ಕ್' ಎಂದು ಕೂಗುತ್ತಾನೆ. ಮೆಜೆಸ್ಟಿಕ್ ನೋಡಿದವರಿಗೆ ಏನೂ ಹೊಸದಲ್ಲ. ಹಿಂದಿನ ಗಾಜಿನ ಮೇಲೆ ದೇವರ ಮಾತು ಬರೆದಿರುತ್ತದೆ. ಅದೂ ನಮ್ಮ ಲಾರಿಗಳ ಹಾಗೇ.

ಅಕ್ರಾದಿಂದ ಕುಮಾಸಿ ಸುಮಾರು 250 ಕಿ.ಮೀ. ಎಸಿ ಬಸ್ಸಿನಲ್ಲಿ ಐದಾರು ಗಂಟೆ. ಉತ್ತರದ ತಮಾಲೆಗೆ ಬಸ್ಸಿನಲ್ಲಿ 12 ಗಂಟೆ, ವಿಮಾನದಲ್ಲಿ ಒಂದೇ ಗಂಟೆ. ರಾತ್ರಿ ಹೆದ್ದಾರಿ ಪ್ರಯಾಣ ಮಾತ್ರ ಬೇಡ. ದೀಪವಿಲ್ಲದೆ ನಿಂತ ಲಾರಿಗಳಿಂದ ಅಪಘಾತ ಆಗುತ್ತವೆ. ಕಾಸು ಉಳಿಸಲು ರಾತ್ರಿ ಬಸ್ ಹತ್ತುವ ನಮ್ಮ ಅಭ್ಯಾಸವನ್ನು ಇಲ್ಲೇ ಬಿಟ್ಟು ಹೋಗಿ.

ನಾವು ಸಸ್ಯಾಹಾರಿಗಳು. ಉಪವಾಸ ಬೀಳ್ತೀವಾ?

ಇಲ್ಲ. ಆದರೆ ಕೇಳುವ ರೀತಿ ಗೊತ್ತಿರಬೇಕು. 'ಮಾಂಸ ಬೇಡ' ಎಂದರೆ ಮೀನು ಹಾಕಿ ಕೊಡುತ್ತಾರೆ. ಮೀನು ಅಲ್ಲಿ ಮಾಂಸದ ಲೆಕ್ಕದಲ್ಲಿಲ್ಲ. 'ಮೀನೂ ಬೇಡ' ಎಂದರೂ ಸಾರಿನಲ್ಲಿ ಒಣ ಸಿಗಡಿ ಪುಡಿ ಇರಬಹುದು. ಶಿಟೊ ಎಂಬ ಕಪ್ಪು ಖಾರದ ಚಟ್ನಿ ನೋಡಲು ನಮ್ಮ ಉಪ್ಪಿನಕಾಯಿ ಮಸಾಲೆ ಹಾಗಿದೆ, ಅದರಲ್ಲೂ ಒಣಮೀನು ಇರುತ್ತದೆ. ಮಾಂಸ, ಮೀನು, ಸಿಗಡಿ, ಮ್ಯಾಗಿ ಕ್ಯೂಬ್ (ಸಾರಿಗೆ ರುಚಿಗೆಂದು ಹಾಕುವ ಅಚ್ಚು) ಎಂದು ಒಂದೊಂದೂ ಹೆಸರು ಹೇಳಿ ಕೇಳಿ.

ಧೈರ್ಯವಾಗಿ ತಿನ್ನಬಹುದಾದ್ದು ಬಹಳ ಇದೆ. ಬೆಳಗ್ಗೆ ಬೀದಿ ಬದಿಯಲ್ಲಿ ಹೌಸಾ ಕೊಕೊ ಸಿಗುತ್ತದೆ. ಸಜ್ಜೆಯ ಹುಳಿ ಅಂಬಲಿ, ಶುಂಠಿ ಖಾರ ಹಾಕಿದ್ದು. ಜೊತೆಗೆ ಕೋಸೆ. ಅಲಸಂದೆ ನೆನೆಸಿ ರುಬ್ಬಿ ಕರಿದ ವಡೆ, ನಮ್ಮಜ್ಜಿ ಮಾಡಿದ್ದೇ ಅನ್ನಬೇಕು. ಮಧ್ಯಾಹ್ನಕ್ಕೆ ವಾಚೆ. ಅಕ್ಕಿ, ಅಲಸಂದೆಯನ್ನು ಜೋಳದ ಒಣ ಎಲೆಯ ಜೊತೆ ಬೇಯಿಸುತ್ತಾರೆ, ಅನ್ನಕ್ಕೆ ಕೆಂಪು ಬಣ್ಣ ಬರುತ್ತದೆ. ಎಲೆಯಲ್ಲಿ ಕಟ್ಟಿ ಕೊಡುತ್ತಾರೆ. ಸಂಜೆಗೆ ಕೆಲೆವೆಲೆ, ಅಂದರೆ ಶುಂಠಿ-ಮೆಣಸಿನಪುಡಿ ಹಚ್ಚಿ ಕರಿದ ದೊಡ್ಡ ಬಾಳೆಹಣ್ಣು. ಪುಂಡಿ ಸೊಪ್ಪಿನ ಜಾತಿಯ ಗಿಡದ ಕೆಂಪು ಹೂವಿನಿಂದ ಸೊಬೊಲೊ ಎಂಬ ಪಾನಕ ಮಾಡುತ್ತಾರೆ. ಕೆಸುವಿನೆಲೆಯ ಪಲ್ಯಕ್ಕೆ ಕೊಂಟೊಮಿರೆ ಎನ್ನುತ್ತಾರೆ. ಪತ್ರೊಡೆ ತಿಂದು ಬೆಳೆದವರು ಅದನ್ನು ಬಿಡುವುದಿಲ್ಲ. ಮೀನು ಹಾಕದೆ ಮಾಡಿಕೊಡಲು ಹೇಳಿ.

ಫುಫು ಬಗ್ಗೆ ಮಂಡ್ಯ, ಹಾಸನದವರಿಗೆ ಪಾಠ ಬೇಡ. ಮರಗೆಣಸು ಮತ್ತು ಬಾಳೆಕಾಯಿ ಬೇಯಿಸಿ ಒನಕೆಯಲ್ಲಿ ಕುಟ್ಟಿ ಮಾಡಿದ ಮುದ್ದೆ ಅದು. ಮುರಿದು, ಸಾರಿನಲ್ಲಿ ಅದ್ದಿ, ಅಗಿಯದೆ ನುಂಗಬೇಕು. ನಾನು ಕರಾವಳಿಯವನು, ನನಗೆ ಕಲಿಯಲು ಒಂದು ವಾರ ಹಿಡಿಯಿತು. ನನ್ನ ಜೊತೆ ಬಂದಿದ್ದ ಚನ್ನರಾಯಪಟ್ಟಣದ ಹುಡುಗ ಮೊದಲ ದಿನವೇ ನುಂಗಿದ. ಚಾಪ್ ಬಾರ್‌ನ ಅಮ್ಮ ಕುಣಿದುಬಿಟ್ಟರು. ಚಾಪ್ ಬಾರ್ ಎಂದರೆ ಊಟದ ಹೋಟೆಲ್, ಹೆಂಡದಂಗಡಿ ಅಲ್ಲ.

ನೀರು?

ಬಾಟಲಿ ಅಥವಾ ಅರ್ಧ ಲೀಟರಿನ ಪೊಟ್ಟಣದ ನೀರು. ಮೂಲೆ ಕಚ್ಚಿ ಕುಡಿಯುವುದು. ನಲ್ಲಿ ನೀರು ಬೇಡ. ಹಾಗೇ ವೋಲ್ಟಾ ಸರೋವರದಲ್ಲಿ ಈಜಲು ಇಳಿಯಬೇಡಿ. ನೀರಿನ ಬಸವನಹುಳುವಿನಿಂದ ಬಿಲ್ಹಾರ್ಜಿಯಾ ಎಂಬ ಕಾಯಿಲೆ ಚರ್ಮದ ಮೂಲಕವೇ ಒಳಗೆ ಹೋಗುತ್ತದೆ. ಸಮುದ್ರದಲ್ಲಿ ಒಳಸೆಳೆತ ಜೋರಾಗಿದೆ. ಸ್ಥಳೀಯರು ಇಳಿಯದ ಕಡೆ ನೀವೂ ಇಳಿಯಬೇಡಿ.

## ಜನರ ನಡುವೆ

ಅಲ್ಲಿ ಯಾವ ಭಾಷೆ? ಎರಡು ಮಾತು ಕಲಿಸಿ.

ಆಡಳಿತದ ಭಾಷೆ ಇಂಗ್ಲಿಷ್. ದಕ್ಷಿಣದಲ್ಲಿ ಹೆಚ್ಚು ಕೇಳುವುದು ಟ್ವಿ, ಅದು ಅಕಾನ್ ಭಾಷೆಯದೇ ಒಂದು ರೂಪ. ಅಕ್ರಾದ ಮೂಲನಿವಾಸಿಗಳದು ಗಾ, ಪೂರ್ವದಲ್ಲಿ ಎವೆ, ತಮಾಲೆಯಲ್ಲಿ ದಗ್ಬಾನಿ. 'ಅಕ್ವಾಬ' ಎಂದರೆ ಸ್ವಾಗತ. 'ಮೆದಾಸೆ' ಎಂದರೆ ಥ್ಯಾಂಕ್ಸ್. 'ಎತೆ ಸೆನ್' ಎಂದರೆ ಹೇಗಿದ್ದೀರಿ.

ಅವರ ಇಂಗ್ಲಿಷ್ ಕನ್ನಡದವರಿಗೆ ಬೇಗ ಅರ್ಥವಾಗುತ್ತದೆ. ಎದ್ದು ಹೊರಡುವಾಗ 'ಐ ಆಮ್ ಕಮಿಂಗ್' ಅನ್ನುತ್ತಾರೆ. ನಮ್ಮ 'ಬರ್ತೀನಿ' ಇದ್ದ ಹಾಗೆ. ಊಟ ಮಾಡುತ್ತಿರುವಾಗ ನೀವು ಎದುರು ಬಂದರೆ 'ಯು ಆರ್ ಇನ್ವೈಟೆಡ್' ಅನ್ನುತ್ತಾರೆ. ಅದು 'ಬನ್ನಿ, ಊಟ ಮಾಡಿ'. ಥ್ಯಾಂಕ್ಸ್ ಹೇಳಿ ಮುಂದೆ ಹೋಗಬಹುದು, ಕೂತು ಒಂದು ತುತ್ತು ತಿಂದರೆ ಇನ್ನೂ ಸಂತೋಷಪಡುತ್ತಾರೆ.

ನಿಮ್ಮ ಹುಟ್ಟಿದ ವಾರ ತಿಳಿದುಕೊಂಡು ಹೋಗಿ. ಅಕಾನ್ ಜನರಲ್ಲಿ ಹುಟ್ಟಿದ ವಾರವೇ ಒಂದು ಹೆಸರು. ಶುಕ್ರವಾರದ ಗಂಡು ಕೋಫಿ, ಹೆಣ್ಣು ಅಫಿಯಾ. ಶನಿವಾರದವರು ಕ್ವಾಮೆ, ಅಮಾ. ವಿಶ್ವಸಂಸ್ಥೆಯ ಮುಖ್ಯಸ್ಥರಾಗಿದ್ದ ಕೋಫಿ ಅನ್ನಾನ್ ಶುಕ್ರವಾರ ಹುಟ್ಟಿದವರು. ನಿಮ್ಮ ವಾರ ಹೇಳಿದರೆ ಅಂದಿನಿಂದ ನಿಮ್ಮನ್ನು ಆ ಹೆಸರಿನಿಂದಲೇ ಕರೆಯುತ್ತಾರೆ.

ಏನು ಮಾಡಿದರೆ ಅವರಿಗೆ ಬೇಜಾರಾಗುತ್ತೆ?

ಎಡಗೈಯಲ್ಲಿ ಕೊಡುವುದು, ತೆಗೆದುಕೊಳ್ಳುವುದು, ತೋರಿಸುವುದು. ಇದು ನಮಗೂ ಗೊತ್ತಿದ್ದದ್ದೇ. ಗೊತ್ತಿಲ್ಲದ್ದು ಇನ್ನೊಂದು. ನಮಸ್ಕಾರ ಹೇಳದೆ ಕೆಲಸದ ಮಾತು ತೆಗೆಯುವುದು. ಅಂಗಡಿಗೆ ನುಗ್ಗಿ 'ಇದೆಷ್ಟು?' ಎಂದರೆ ಅದು ಒರಟುತನ. ಮೊದಲು 'ಗುಡ್ ಮಾರ್ನಿಂಗ್', ಆಮೇಲೆ ಹೇಗಿದ್ದೀರಿ, ಆಮೇಲೆ ಬೆಲೆ. ಸಾಲಾಗಿ ಕೂತವರಿಗೆ ನಿಮ್ಮ ಬಲಗಡೆಯಿಂದ ಶುರು ಮಾಡಿ ಒಬ್ಬೊಬ್ಬರ ಕೈಕುಲುಕಿ. ನಾನು ಹೇಳಿದ ಎಲ್ಲದರಲ್ಲಿ ಇದೊಂದನ್ನು ನೆನಪಿಟ್ಟರೆ ಅರ್ಧ ತೊಂದರೆ ತಾನಾಗೇ ಕಡಿಮೆಯಾಗುತ್ತದೆ.

ಮಿಲಿಟರಿ ಬಣ್ಣದ ಬಟ್ಟೆಯನ್ನು ಸಾಮಾನ್ಯರು ಹಾಕುವುದು ಅಲ್ಲಿ ಕಾನೂನಿಗೆ ವಿರುದ್ಧ. ಆ ಪ್ಯಾಂಟು, ಟೋಪಿ ಮನೆಯಲ್ಲೇ ಬಿಡಿ. ಸೈನಿಕರು, ವಿಮಾನ ನಿಲ್ದಾಣ, ಅಧ್ಯಕ್ಷರ ಭವನದ ಫೋಟೋ ತೆಗೆಯಬೇಡಿ. ಜನರ ಫೋಟೋ ಕೇಳದೆ ತೆಗೆಯಬೇಡಿ.

ಭಾರತೀಯರನ್ನು ಹೇಗೆ ನೋಡ್ತಾರೆ?

ಪ್ರೀತಿಯಿಂದ. ಬೀದಿಯಲ್ಲಿ ಮಕ್ಕಳು 'ಒಬ್ರೊನಿ' ಎಂದು ಕೂಗುತ್ತಾರೆ. ಬಿಳಿಯರಿಗೆ ಹೇಳುವ ಮಾತು, ನಮಗೂ ಹೇಳುತ್ತಾರೆ. ಬೈಗುಳ ಅಲ್ಲ, ಕೈ ಬೀಸಿ. ಸಿಂಧಿ ವ್ಯಾಪಾರಿಗಳು ಅಲ್ಲಿ ನೂರು ವರ್ಷಗಳಿಂದ ಇದ್ದಾರೆ. ಹಿಂದಿ ಧಾರಾವಾಹಿಯನ್ನು ಟ್ವಿ ಭಾಷೆಗೆ ಡಬ್ ಮಾಡಿ ತೋರಿಸಿದಾಗ ಮನೆಮನೆಯಲ್ಲಿ ನೋಡಿದರು. ಅಕ್ರಾದಲ್ಲಿ ಒಂದು ಹಿಂದೂ ಮಠವಿದೆ. ಕಟ್ಟಿದವರು ಘಾನಾದವರೇ ಆದ ಸ್ವಾಮಿ ಘನಾನಂದ ಸರಸ್ವತಿ. ಅಲ್ಲಿ ಭಜನೆ ಹಾಡುವವರಲ್ಲಿ ಹೆಚ್ಚಿನವರು ಆಫ್ರಿಕನ್ನರು.

ಆದರೆ ಅವರು ನಮ್ಮನ್ನು ಕೇಳುವ ಪ್ರಶ್ನೆಗೂ ಉತ್ತರ ಇಟ್ಟುಕೊಳ್ಳಿ. 2016ರಲ್ಲಿ ಬೆಂಗಳೂರಿನಲ್ಲಿ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ಮಾಡಿದ ಸುದ್ದಿ ಅಲ್ಲಿಗೂ ಮುಟ್ಟಿದೆ. ನನ್ನನ್ನು ಒಬ್ಬ ಲಾರಿ ಮಾಲೀಕ ಅದರ ಬಗ್ಗೆ ನೇರವಾಗಿ ಕೇಳಿದ. ತಪ್ಪಾಯಿತು ಎಂದೆ. ಅದಕ್ಕಿಂತ ಬೇರೆ ಹೇಳಲು ಏನಿದೆ? ಬಣ್ಣದ ಬಗ್ಗೆ ನಾವು ಮನೆಯಲ್ಲಿ ಆಡುವ ಮಾತುಗಳನ್ನು ಅಲ್ಲಿ ಕನ್ನಡದಲ್ಲೂ ಆಡಬೇಡಿ. ಮುಖ ನೋಡಿದರೆ ಗೊತ್ತಾಗುತ್ತದೆ.

ಹೆಣ್ಣುಮಗಳು ಒಬ್ಬಳೇ ಹೋಗಬಹುದಾ?

ಹೋಗಬಹುದು. ಮಾರುಕಟ್ಟೆಯನ್ನು ನಡೆಸುವವರೇ ಅಲ್ಲಿ ಹೆಂಗಸರು. ಏನಾದರೂ ಆದರೆ ಮೊದಲು ಬರುವವರೂ ಅವರೇ. 'ನನ್ನನ್ನು ಮದುವೆ ಆಗ್ತೀಯಾ' ಎಂದು ಕೇಳುವವರು ಬಹಳ. ನಕ್ಕು 'ಗಂಡ ಇದ್ದಾನೆ' ಎಂದರೆ ಸಾಕು. ಕತ್ತಲಾದ ಮೇಲೆ ಬೀಚಿಗೆ ಹೋಗಬೇಡಿ, ಆ್ಯಪ್ ಟ್ಯಾಕ್ಸಿಯಲ್ಲೇ ಓಡಾಡಿ. ತುರ್ತಿಗೆ 112. ಪೊಲೀಸ್ 191, ಆಂಬುಲೆನ್ಸ್ 193.

## ಸ್ವಲ್ಪ ಆಳಕ್ಕೆ

ಹತ್ತು ದಿನ ಇದೆ. ಏನೇನು ನೋಡಲಿ?

ಅಕ್ರಾಕ್ಕೆ ಎರಡು ದಿನ, ಕೇಪ್ ಕೋಸ್ಟ್‌ಗೆ ಮೂರು, ಕುಮಾಸಿಗೆ ಮೂರು. ಉಳಿದದ್ದು ದಾರಿಗೆ. ಆನೆ ನೋಡಲು ಉತ್ತರದ ಮೋಲೆ ಅಭಯಾರಣ್ಯಕ್ಕೆ ಹೋಗುವವರಿದ್ದಾರೆ. ನಾಗರಹೊಳೆ ನೋಡಿದವರು ಅದಕ್ಕಾಗಿ ಅಷ್ಟು ದೂರ ಹೋಗಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಆದರೆ ಪಕ್ಕದ ಲರಬಂಗಾದ ಮಣ್ಣಿನ ಮಸೀದಿ ನೋಡುವಂಥದ್ದು. ಕೇಪ್ ಕೋಸ್ಟ್ ಹತ್ತಿರದ ಕಾಕುಮ್ ಕಾಡಿನಲ್ಲಿ ಮರದ ತುದಿಯಲ್ಲೇ ನಡೆಯುವ ಏಳು ತೂಗುಸೇತುವೆಗಳಿವೆ. ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ಆಮೇಲೆ ಶಾಲಾ ಮಕ್ಕಳ ಗದ್ದಲ.

ಬುರ್ಕಿನಾ ಫಾಸೊ ಗಡಿಯ ಕಡೆಗೆ, ಮುಖ್ಯವಾಗಿ ಬಾಕು ಪಟ್ಟಣದ ಸುತ್ತ, ಹೋಗಬೇಡಿ. ಅಲ್ಲಿ ಜನಾಂಗಗಳ ನಡುವೆ ಜಗಳ ನಡೆಯುತ್ತಿದೆ.

ಗುಲಾಮರ ಕೋಟೆಗೆ ಮಕ್ಕಳನ್ನು ಕರ್ಕೊಂಡು ಹೋಗಲಾ?

ಹತ್ತು-ಹನ್ನೆರಡು ವರ್ಷ ದಾಟಿದವರಾದರೆ ಕರೆದುಕೊಂಡು ಹೋಗಿ. ಮೊದಲು ಕೂರಿಸಿ ಹೇಳಿ.

ಎಲ್ಮಿನಾ ಕೋಟೆಯನ್ನು ಪೋರ್ಚುಗೀಸರು 1482ರಲ್ಲಿ ಕಟ್ಟಲು ಶುರು ಮಾಡಿದರು. ಚಿನ್ನಕ್ಕಾಗಿ ಬಂದವರು. ಅದಾಗಿ 16 ವರ್ಷಕ್ಕೆ ಅದೇ ಪೋರ್ಚುಗೀಸರ ಹಡಗು ನಮ್ಮ ಪಶ್ಚಿಮ ಕರಾವಳಿಗೂ ಬಂತು. 1637ರಲ್ಲಿ ಎಲ್ಮಿನಾ ಡಚ್ಚರ ಕೈಗೆ ಹೋಯಿತು. ಮುಂದೆ ವ್ಯಾಪಾರ ಮನುಷ್ಯರದ್ದಾಯಿತು. ಹತ್ತಿರದ ಕೇಪ್ ಕೋಸ್ಟ್ ಕೋಟೆ ಬ್ರಿಟಿಷರದ್ದು. ಅಲ್ಲಿ ಗಂಡಸರನ್ನು ಕೂಡಿಹಾಕಿದ ನೆಲಮಾಳಿಗೆಯ ಮೇಲೇ ಪ್ರಾರ್ಥನಾ ಮಂದಿರ ಇತ್ತು. ಕೆಳಗೆ ಗಾಳಿ ಬರಲು ಗೋಡೆಯ ಮೇಲ್ತುದಿಯಲ್ಲಿ ಸಣ್ಣ ಕಿಂಡಿಗಳಿವೆ, ಅಷ್ಟೇ. ಕೊನೆಗೆ ಸಮುದ್ರದ ಕಡೆ ಒಂದು ಬಾಗಿಲು. ಅದರ ಹೆಸರು 'ಹಿಂದಿರುಗದ ಬಾಗಿಲು'.

ಗೈಡ್ ಜೊತೆಯಲ್ಲೇ ಹೋಗಿ. ನಿಮ್ಮ ಗುಂಪಿನಲ್ಲಿ ಅಮೆರಿಕದಿಂದ ಬಂದ ಕಪ್ಪು ಜನ ಇರಬಹುದು. ಅವರ ಹಿರಿಯರು ಇಂಥ ಬಾಗಿಲುಗಳಿಂದಲೇ ಹೋದವರು. ಕೆಲವರು ಅಳುತ್ತಾರೆ, ಕೆಲವರು ನೆಲಕ್ಕೆ ನೀರು ಎರೆಯುತ್ತಾರೆ. ಅಲ್ಲಿ ಸೆಲ್ಫಿ ಬೇಡ, ಜೋರು ಮಾತೂ ಬೇಡ. ಅದೇ ದಿನ ಸಂಜೆ ಬೇರೆ ಕಾರ್ಯಕ್ರಮ ಇಟ್ಟುಕೊಳ್ಳಬೇಡಿ. ನನಗೆ ಆ ರಾತ್ರಿ ಊಟ ಸೇರಲಿಲ್ಲ.

ಪರಿಚಯದವರು ಸಾವಿನ ಮನೆಗೆ ಕರೆದಿದ್ದಾರೆ. ಹೋಗೋದಾ?

ಹೋಗಿ, ಅದು ಗೌರವದಿಂದ ಕರೆದದ್ದು. ಘಾನಾದಲ್ಲಿ ಅಂತ್ಯಕ್ರಿಯೆ ತೀರಿಕೊಂಡ ಎಷ್ಟೋ ವಾರಗಳ ನಂತರ, ಸಾಮಾನ್ಯವಾಗಿ ಶನಿವಾರ ನಡೆಯುತ್ತದೆ. ಕಪ್ಪು ಅಥವಾ ಕೆಂಪು ಬಟ್ಟೆ. ತುಂಬ ವಯಸ್ಸಾಗಿ ಹೋದವರಾದರೆ ಕಪ್ಪು-ಬಿಳಿ. ಬ್ಯಾಂಡ್ ಇರುತ್ತದೆ, ಕುಣಿತ ಇರುತ್ತದೆ. ನಮ್ಮಲ್ಲಿ ತುಂಬು ಬಾಳು ಬಾಳಿದವರನ್ನು ತಮಟೆ ಬಡಿದು ಕಳಿಸುವುದಿಲ್ಲವೇ, ಹಾಗೇ. ಕವರಿನಲ್ಲಿ ಸ್ವಲ್ಪ ಹಣ ಕೊಡಿ. ಹೆಸರು ಬರೆದುಕೊಂಡು ಮೈಕಿನಲ್ಲಿ ಕೂಗುತ್ತಾರೆ. ಮದುವೆಯ ಮುಯ್ಯಿ ನೆನಪಾಗುತ್ತದೆ.

ಕಡಿಮೆ ಬೆಲೆಗೆ ಚಿನ್ನ ಕೊಡಿಸ್ತೀನಿ ಅಂತ ಒಬ್ಬ ಹೇಳಿದ್ದಾನೆ…

ಫೋನ್ ಇಟ್ಟುಬಿಡಿ. ಘಾನಾದಲ್ಲಿ ಚಿನ್ನ ಇದೆ, ಆ ಹೆಸರಿನ ಮೋಸವೂ ಅಷ್ಟೇ ಇದೆ. 2025ರ ಮೇ 1ರಿಂದ ವಿದೇಶಿಯರು ಅಲ್ಲಿಯ ಸ್ಥಳೀಯ ಮಾರುಕಟ್ಟೆಯಲ್ಲಿ ಚಿನ್ನದ ವ್ಯಾಪಾರ ಮಾಡುವಂತೆಯೇ ಇಲ್ಲ. ತೋರಿಸಿದ್ದು ನಿಜವಾದ ಚಿನ್ನವೇ ಆದರೂ ಕೊಂಡರೆ ನೀವೇ ಸಿಕ್ಕಿಬೀಳುತ್ತೀರಿ.

ಹಾಗಾದ್ರೆ ಏನು ತರಬಹುದು?

ಕೆಂಟೆ ಬಟ್ಟೆ ತನ್ನಿ. ಕುಮಾಸಿ ಹತ್ತಿರದ ಬೊನ್ವಿರೆಯಲ್ಲಿ ಮಗ್ಗದ ಮುಂದೆಯೇ ಕೊಳ್ಳಿ. ಅಂಗೈ ಅಗಲದ ಪಟ್ಟಿಗಳನ್ನು ನೇಯ್ದು ಜೋಡಿಸಿ ಹೊಲಿಯುತ್ತಾರೆ. ಹಿಂದೆ ತಿರುಗಿಸಿ ನೋಡಿ. ಹೊಲಿಗೆ ಕಾಣದಿದ್ದರೆ, ಬಣ್ಣ ಒಂದೇ ಕಡೆ ಇದ್ದರೆ ಅದು ಪ್ರಿಂಟ್. ನೇಕಾರರ ಹತ್ತಿರ ತೀರಾ ಚೌಕಾಸಿ ಮಾಡಬೇಡಿ. ಇಳಕಲ್ ಸೀರೆಯ ಕಷ್ಟ ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಚಾಕೊಲೇಟ್ ಕೂಡ ತನ್ನಿ. 1879ರಲ್ಲಿ ಟೆಟ್ಟೆ ಕ್ವಾರ್ಶಿ ಎಂಬ ಕಮ್ಮಾರ ಫರ್ನಾಂಡೊ ಪೊ ದ್ವೀಪದಿಂದ ಕೋಕೊ ಬೀಜ ತಂದು ನೆಟ್ಟರು. ಅಲ್ಲಿಂದ ಆ ದೇಶದ ಬದುಕೇ ಬದಲಾಯಿತು. ಅಡಿಕೆ ತೋಟದ ನಡುವೆ ಕೋಕೊ ಬೆಳೆಯುವ ಪುತ್ತೂರು-ಸುಳ್ಯದವರು ಅಲ್ಲಿಯ ಒಂದು ತೋಟವನ್ನಾದರೂ ನೋಡಿ ಬನ್ನಿ.

ವಾಪಸ್ ಬಂದ ಮೇಲೆ ಜ್ವರ ಬಂದರೆ?

ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ. ಡಾಕ್ಟರ್ ಕೇಳದಿದ್ದರೂ ಬಾಯಿ ಬಿಟ್ಟು ಹೇಳಿ: 'ನಾನು ಪಶ್ಚಿಮ ಆಫ್ರಿಕಾದಿಂದ ಬಂದಿದ್ದೇನೆ.' ಎರಡನೇ ಸೀಸನ್ ಮುಗಿಸಿ ಬಂದು ಹನ್ನೆರಡನೇ ದಿನ ನನಗೆ ಚಳಿಜ್ವರ ಬಂತು. ಕ್ಲಿನಿಕ್ಕಿನಲ್ಲಿ ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಲಿಲ್ಲ, ನಾನೂ ಹೇಳಲಿಲ್ಲ. ವೈರಲ್ ಎಂದು ಮಾತ್ರೆ ಕೊಟ್ಟರು. ಎರಡು ದಿನ ಹಾಗೇ ಕಳೆಯಿತು. ಮೂರನೇ ದಿನ ನನ್ನ ಅಕ್ಕ ಹಠ ಹಿಡಿದು ಬೇರೆ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಫಾಲ್ಸಿಪಾರಮ್ ಎಂದು ಅರ್ಧ ಗಂಟೆಯಲ್ಲಿ ಗೊತ್ತಾಯಿತು. ಮಲೇರಿಯಾ ತಡೆಯುವ ಮಾತ್ರೆಯನ್ನು ನಾನು ನಡುವೆ ನಿಲ್ಲಿಸಿದ್ದೆ.

ಮೊದಲ ಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ ಜ್ವರ ಬಿಡದಿದ್ದರೆ ಮತ್ತೆ ಮಾಡಿಸಿ. ಬಂದು ಮೂರು ತಿಂಗಳಾಗುವವರೆಗೂ ಯಾವ ಜ್ವರ ಬಂದರೂ ಘಾನಾಕ್ಕೆ ಹೋಗಿದ್ದ ವಿಷಯವನ್ನು ಮೊದಲು ಹೇಳಿ.